ಸಾಕ್ಷಿಯಿಲ್ಲದ ಸಪ್ಪಳ

ಮೊನ್ನೆ ಕೊಟ್ಟೂರಿನ ಸಂತೆಯಲ್ಲಿ ಎಣ್ಣೆ ಸವರಿದ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಬಾರುಕೋಲು ಮಾರುವವನೊಬ್ಬ ಕೂತಿದ್ದ. ನನಗೆ ಎತ್ತಿಲ್ಲ, ಬಂಡಿಯಿಲ್ಲ, ಆದರೂ ನಿಂತೆ. ನಮ್ಮೂರ ಶಾಲೆಯ ವಿಜ್ಞಾನದ ಮೇಷ್ಟ್ರು ನೆನಪಾದರು...

ತಂಬ್ರಹಳ್ಳಿ ದಾಟಿದರೆ ನಮ್ಮೂರು. ಅಲ್ಲಿ ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಢಮ್ ಎಂದು ಆಕಾಶ ಸಿಡಿದು, ನನ್ನ ಪಡಸಾಲೆಯ ಗೋಡೆ ಬಿರುಕುಬಿಟ್ಟಿತು. ಊರು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟಿತು: ಗುಡ್ಡದ ಕಲ್ಲುಕ್ವಾರಿಯವರು ಸೀಟಿ ಊದದೆ, ಕೆಂಪು ಬಾವುಟ ತೋರಿಸದೆ ಮದ್ದು ಸಿಡಿಸಿದ್ದಾರೆ. ಕ್ವಾರಿ ಮುಚ್ಚಿಸಲು ತಹಶೀಲ್ದಾರರಿಗೆ ಅರ್ಜಿ ಬರೆಯುವ ಘನಕಾರ್ಯ ನನ್ನ ಪಾಲಿಗೆ ಬಂತು. ಎಲ್ಲರೂ ಸಹಿ ಹಾಕಿದರು. ಮೇಷ್ಟ್ರು ಹಾಕಲಿಲ್ಲ.

“ಅದು ವಿಮಾನದ ಸಪ್ಪಳಪಾ. ಸದ್ದಿನ ವೇಗ ಮೀರಿ ಹೋದ್ರ ಹಂಗ ಆಗ್ತೈತಿ,” ಎಂದರು. ನಂಬಿಸಲು ಚಹಾ ಅಂಗಡಿ ಮುಂದೆ ಬಾರುಕೋಲು ಬೀಸಿ ಛಟೀರೆನಿಸಿದರು. “ನೋಡ್ರಿ, ಬಾರು ಯಾವುದಕ್ಕೂ ಬಡಿದಿಲ್ಲ. ತುದಿ ಸದ್ದನ್ನ ಹಿಂದ ಹಾಕ್ತು, ಗಾಳಿ ಸಿಡೀತು. ವಿಮಾನದ್ದೂ ಇಷ್ಟ.”

“ಬಾರುಕೋಲು ನಿಮ್ಮ ಕೈಯಾಗೈತ್ರಿ. ವಿಮಾನ ಎಲ್ಲೈತಿ?” ಎಂದ ಅಂಗಡಿಯವನು.

“ಸದ್ದು ನಮಗ ಮುಟ್ಟೋದ್ರಾಗ ಅದು ಮುಂದ ಹೋಗಿರ್ತೈತಿ.”

“ಚಲೋ ಆತು ಬಿಡ್ರಿ. ಸಾಕ್ಷಿ ಪರಾರಿ!”

ಸಂಜೆಯೊಳಗೆ ಇನ್ನೊಂದು ಮಾತು ಹುಟ್ಟಿತು: ಮೇಷ್ಟ್ರ ಹೊಸ ಮನೆಯ ಬುನಾದಿಗೆ ಕಲ್ಲು ಎಲ್ಲಿಂದ ಬಂತು? ಊರಿನ ಎಲ್ಲ ಮನೆಗಳ ಕಲ್ಲೂ ಆ ಕ್ವಾರಿಯದೇ. ಆದರೆ ಹಳೆಯ ಕಲ್ಲಿಗೆ ಅನುಮಾನ ಅಂಟುವುದಿಲ್ಲವಲ್ಲ. ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಮಕ್ಕಳನ್ನು ಜನ ಬಿಡಿಸಿದರು. ನನ್ನ ಮಗಳನ್ನು ನಾನೂ ಬಿಡಿಸಿದೆ.

ಅಮಾವಾಸ್ಯೆಯ ದಿನ ಮತ್ತೆ ಅದೇ ಢಮ್. ಅಮಾವಾಸ್ಯೆಗೆ ನಮ್ಮ ಕ್ವಾರಿಯಲ್ಲಿ ಸುತ್ತಿಗೆಯನ್ನೂ ಎತ್ತುವುದಿಲ್ಲ. “ಅಮಾಸಿನೂ ಬಿಡಲಿಲ್ಲ ನೋಡ್ರಿ, ಪಾಪಿಗಳು!” ಎಂದಿತು ಊರು. ಪುರಾವೆ ಹಿಡಿಯಲು ನಾನು ಸೈಕಲ್ಲೇರಿ ಹೋದೆ. ಮದ್ದಿನ ಕೋಣೆಗೆ ಬೀಗ. ಯಂತ್ರದ ಮೇಲೆ ಪೂಜೆಯ ನಿಂಬೆಹಣ್ಣು. ಬೇವಿನಡಿ ಮಲಗಿದ್ದ ಕಾವಲುಗಾರ ಗಾಬರಿಯಿಂದ ಎದ್ದು, “ಊರಾಗ ಏನ್ ಸಿಡಿಸಿದ್ರಿ?” ಎಂದು ನನ್ನನ್ನೇ ಕೇಳಿದ.

ವಾಪಸು ಬರುವಾಗ ಮೇಷ್ಟ್ರು ಎದುರಾದರು. “ನೋಡಿ ಬಂದಿ ಏನಪಾ?”

“ಏನಿಲ್ಲ ಬಿಡ್ರಿ ಸಾರ್,” ಎಂದೆ. ಮರುದಿನ ಅರ್ಜಿ ಕೊಟ್ಟೆ. ಆ ಬೇಸಿಗೆಯಲ್ಲಿ ಅವರು ವರ್ಗ ಮಾಡಿಸಿಕೊಂಡು ಹರಪನಹಳ್ಳಿಗೆ ಹೋದರು...

ಈಗ ಸದ್ದಿಗಿಂತ ವೇಗವಾಗಿ ಹಾರಿದರೂ ಢಮ್ ಎನ್ನದ ವಿಮಾನ ಮಾಡುತ್ತಿದ್ದಾರಂತೆ. ದೂರದಲ್ಲಿ ಕಾರಿನ ಬಾಗಿಲು ಹಾಕಿದಷ್ಟೇ ಸಪ್ಪಳವಂತೆ. ಊರುಗಳ ಮೇಲೆ ಹಾರಿಸಿ, ಏನು ಕೇಳಿಸಿತೆಂದು ಜನರನ್ನೇ ವಿಚಾರಿಸುತ್ತಾರಂತೆ. ಸಪ್ಪಳ ಮಾಡದೆ ತಲೆಯ ಮೇಲೆ ಹೋಗುವುದರ ಬಗ್ಗೆ ನನಗೆ ಇನ್ನೂ ಗುಮಾನಿಯೇ. ಬಿಡಿಸಿ ಹೇಳಿ ಎಂದು ಕೇಳೋಣವೆಂದರೆ ಮೇಷ್ಟ್ರು ತೀರಿಕೊಂಡು ಮೂರು ವರ್ಷ.

ಸಂತೆಯಿಂದ ಬಂದವನೇ ಅವರ ಮಗನಿಗೆ ಫೋನ್ ಮಾಡಿದೆ. ಅಮಾವಾಸ್ಯೆಯ ದಿನ ಕ್ವಾರಿಗೆ ಬೀಗವಿತ್ತು, ನಾನೇ ನೋಡಿದ್ದೆ ಎಂದೆ.

“ಅಪ್ಪಾಜಿಗೆ ಗೊತ್ತಿತ್ರಿ,” ಎಂದ. “‘ಅವನೇ ಬಂದು ಹೇಳ್ತಾನ, ಇರ್ರಿ’ ಅಂತಿದ್ರು.”