ಐವತ್ತರ ಲೆನ್ಸು ಕೊಡದ ಐನಾರ್

ಡೆನ್ಮಾರ್ಕಿನ ಆರ್ಹಸ್ ಪೇಟೆಯ ಕ್ಯಾಮೆರಾ ಅಂಗಡಿಯ ಐನಾರ್, ಗಿರಾಕಿ ಕೇಳಿದ ಲೆನ್ಸನ್ನು ಕೊಟ್ಟದ್ದೇ ಇಲ್ಲ. ಪಾದ್ರಿಯೇ ಬಂದರೂ ಮೊದಲು ಗೋಡೆಗೆ ಬೆನ್ನು ತಾಗುವವರೆಗೆ ಹಿಂದಕ್ಕೆ ದಬ್ಬುತ್ತಿದ್ದ. ಮನೆಯಲ್ಲೇ ನಡೆಯುವ ತಂಗಿಯ ಮದುವೆಯ ಫೋಟೋ ತೆಗೆಯಲು ಐವತ್ತು ಎಂಎಂ ಲೆನ್ಸು ಕೇಳಿದ ಸೋಲ್ವೈಗ್‌ಳನ್ನೂ ದಬ್ಬಿದ. "ಅಯ್ಯೋ, ಏನ್ರೀ ಇದು!" ಎಂದು ಅವಳು ಚೀರಿದಳು. "ನೋಡು, ಬೆನ್ನು ಗೋಡೆಗೆ ತಾಗ್ತು, ಇನ್ನು ಹಿಂದಕ್ಕೆ ಹೋಗಕ್ಕಾಗಲ್ಲ. ನಿನ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯೋ ಸೆನ್ಸರ್ ಬೇರೆ ಚಿಕ್ಕದು ಕಣಮ್ಮ. ಐವತ್ತು ಹಾಕಿದ್ರೆ ಸಣ್ಣ ಕೋಣೇಲಿ ಅರ್ಧ ಜನ ಚೌಕಟ್ಟಿಂದ ಹೊರಗೇ ಉಳೀತಾರೆ. ಅಗಲಕ್ಕೆ ಹಿಡಿಯೋ, ಹದಿನೇಳರಿಂದ ಶುರುವಾಗೋ ಝೂಮ್ ತಗೋ," ಎಂದು ರೈ ಧಾನ್ಯದ ಕಪ್ಪು ರೊಟ್ಟಿ ಅಗಿಯುತ್ತಲೇ ಗದರಿದ. "ಐವತ್ತರಲ್ಲಿ ಮುಖ ಚೆನ್ನಾಗ್ ಬರತ್ತಂತೆ," ಎಂದು ಅವಳು ಹಟ ಹಿಡಿದಾಗ, ಒಳಗಿನಿಂದ ಒಂದು ಫೋಟೋ ತಂದು ಕೈಗಿಟ್ಟ. ಮೇಜಿನ ಸುತ್ತ ನಗುವ ನೆಂಟರು. ಅಂಚಿನಲ್ಲಿ ಒಬ್ಬ ಹೆಂಗಸಿನ ಒಂದೇ ಕಣ್ಣು, ಅರ್ಧ ತುಟಿ. "ನನ್ನ ಹೆಂಡತಿ. ಅವಳ ಕೊನೇ ಹುಟ್ಟುಹಬ್ಬ. ನಾನೇ ತೆಗೆದಿದ್ದು, ಐವತ್ತರಲ್ಲೇ," ಎಂದ. ಸೋಲ್ವೈಗ್ ಫೋಟೋದ ಆ ಅಂಚನ್ನು ಬೆರಳಿಂದ ಮುಟ್ಟಿದಳು. ಐನಾರ್ ಮೆಲ್ಲಗೆ ಹೇಳಿದ: "ಆ ನಗುವಿನ ಇನ್ನರ್ಧ ಈಗೀಗ ನೆನಪಿಗೇ ಬರ್ತಿಲ್ಲಮ್ಮ."