ಹುಲ್ಲು ಕತ್ತರಿಸುವ ಗಾಡಿಯಿಂದ ಕರೆಂಟು

ಆ ಗಾಡಿಗೆ ಕಬ್ಬಿಣದ ಸೀಟಿತ್ತು. ಅದರ ಮೇಲೆ ಎದುರು ಶೆಡ್ಡಿನ ಮಿಸ್ತ್ರಿಯ ಹೆಂಡತಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಇಷ್ಟು ಮಾತ್ರ ನನಗೆ ಖಚಿತ. ಉಳಿದದ್ದನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ನೆನಪಾಗುತ್ತಿರುವುದು ನಡೆದ ಸಂಗತಿಯೋ ಅಥವಾ ನಾನೇ ಹಿಂದೆ ಹೇಳಿದ್ದೋ ಎಂದು ಗೊತ್ತಾಗುವುದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿಎಸ್ಸಿ ಮುಗಿಸಿ ದಾಂಡೇಲಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಲೊನಿಯಲ್ಲಿ ಮನೆ ಸಿಕ್ಕಿರಲಿಲ್ಲ. ಹಳಿಯಾಳ ರಸ್ತೆಯ ಬದಿಗೆ ಎರಡು ಕೋಣೆಯ ಬಾಡಿಗೆ ಮನೆ. ಗಂಡ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೆ ಬಂದಿದ್ದಳು. ಅವಳ ಗಂಡನ ಅಣ್ಣ ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿದ್ದರು. ನಾವಿಬ್ಬರೂ ಅವರನ್ನು ಭಾವ ಎನ್ನುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಹೆಂಡತಿಗೆ ಮೈ ನೆಟ್ಟಗಿರಲಿಲ್ಲ, ಒಲೆಯ ಮುಂದೆ ಒಬ್ಬರು ಬೇಕಿತ್ತು. ಅಕ್ಕನನ್ನು ಕರೆದೊಯ್ಯಲು ಎರಡು ಸಲ ಬಂದು ಹೋಗಿದ್ದರು.

ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಭಾವ ಹೊರಗಿನ ಕೋಣೆಯಲ್ಲಿ ಕುಳಿತು ನನ್ನ ಕಡೆ ನೋಡುತ್ತ, “ತಮ್ಮನ ಮನ್ಯಾಗ ಎಷ್ಟ್ ದಿವ್ಸ ಕುಂಡ್ರತಾಳಂತ ಕೇಳೋ,” ಎನ್ನುತ್ತಿದ್ದರು. ಬಾಗಿಲ ಹಿಂದಿನಿಂದ ಅಕ್ಕ, “ಕುಂತಿಲ್ಲ, ಕೆಲ್ಸಾ ಮಾಡಾಕತ್ತೇನಿ ಅಂತ ಹೇಳು,” ಎನ್ನುತ್ತಿದ್ದಳು. ಇಬ್ಬರ ನಡುವೆ ನಾಲ್ಕು ಅಡಿ. ಎರಡೂ ಕಡೆಯ ಮಾತನ್ನು ನಾನು ಮತ್ತೊಮ್ಮೆ ಒಪ್ಪಿಸಬೇಕು.

ಅಕ್ಕ ಮಾಡುತ್ತಿದ್ದ ಕೆಲಸವೆಂದರೆ ಕೋಳಿಮರಿ ಮಾಡಿಸುವುದು. ಚಹಾಪುಡಿ ಬರುವ ಪ್ಲೈವುಡ್ ಪೆಟ್ಟಿಗೆಯ ಒಳಗೆ ಬಲ್ಬು ಇಟ್ಟು, ಜೋಯಿಡಾ ಕಡೆಯವರು ತಂದುಕೊಡುತ್ತಿದ್ದ ಮೊಟ್ಟೆಗಳನ್ನು ಜೋಡಿಸುತ್ತಿದ್ದಳು. ಮರಿಯಾಗಲು ಇಪ್ಪತ್ತೊಂದು ದಿನ. ದಿನಕ್ಕೆ ಮೂರು ಸಲ ಒಂದೊಂದನ್ನೂ ಹೊರಳಿಸಬೇಕು. ಯಾವುದು ಹೊರಳಿದೆ ಎಂದು ತಿಳಿಯಲು ಒಂದು ಮಗ್ಗುಲಿಗೆ ಕಾಡಿಗೆಯ ಬೊಟ್ಟು ಇಟ್ಟಿದ್ದಳು. ಶಾಖ ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲೇ ಇರಬೇಕು. ಮೊದಲ ಸಲ ಗಾಳಿಮಳೆಗೆ ಕರೆಂಟು ಹೋಗಿ ಎಲ್ಲ ಮೊಟ್ಟೆಗಳೂ ಕೆಟ್ಟಿದ್ದವು. ಎರಡನೆಯ ಸಲ ಇಟ್ಟ ವಾರಕ್ಕೆ ಭಾವ ಬಂದರು.

“ಇದೊಂದು ಸಲ ನೋಡ್ಲಿ. ಮರಿ ಬಂದ್ರ ಇಲ್ಲೇ ಇರ್ಲಿ, ನಾ ಮತ್ತ ಕರ್ಯಾಕ ಬರೂದಿಲ್ಲ. ಬರಲಿಲ್ಲಾಂದ್ರ ಟ್ರಂಕ್ ತುಂಬ್ಕೊಳ್ಳಲಿ. ಇಪ್ಪತ್ತೊಂದನೇ ದಿನಾ ಬರ್ತೇನಿ.”

“ಹೂಂ ಅಂತ ಹೇಳು,” ಎಂದಳು ಅಕ್ಕ, ಬಾಗಿಲ ಹಿಂದಿನಿಂದ.

ಮಳೆ ಹಿಡಿಯುವುದರಲ್ಲಿತ್ತು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳದ ವಾರವಿರಲಿಲ್ಲ. ರಸ್ತೆಯ ಎದುರು ಬದಿಗೆ ಮರ ಸಾಗಿಸುವ ಲಾರಿಗಳನ್ನು ರಿಪೇರಿ ಮಾಡುವ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದರು. ಇಡೀ ರಸ್ತೆಗೇ ಚಾಚಾ. ಅವರ ಶೆಡ್ಡಿನ ಹಿಂದೆ ಆ ಗಾಡಿ ಬಿದ್ದಿತ್ತು. ಯಾವುದೋ ಬಂಗಲೆಯ ಸಾಹೇಬರು ಹುಲ್ಲುಹಾಸಿಗಾಗಿ ತರಿಸಿದ್ದು. ಮಾಲಿ ಅದರ ಮೇಲೆ ಕುಳಿತು ಹುಲ್ಲು ಕತ್ತರಿಸುತ್ತಿದ್ದನಂತೆ. ಸಾಹೇಬರು ಹೋದ ಮೇಲೆ ಗುಜರಿಯಾಗಿ ಇಲ್ಲಿಗೆ ಬಂದಿತ್ತು. ಎಂಜಿನ್ ಇನ್ನೂ ಜೀವಂತವಿದೆ ಎಂದು ಚಾಚಾ ಹೇಳಿದರು. ಅದಕ್ಕೆ ಬೆಲ್ಟ್ ಹಾಕಿ ಲಾರಿಯ ಡೈನಮೋ ತಿರುಗಿಸಿದರೆ ಹನ್ನೆರಡು ವೋಲ್ಟಿನ ಬಲ್ಬು ಉರಿಸಬಹುದು ಎಂದು ನಾನು ಹೇಳಿದೆ.

“ಇಷ್ಟ್ ದಿನಾ ಹುಲ್ಲ ತಿಂತಿತ್ತು, ಈಗ ತತ್ತಿ ಮ್ಯಾಲ ಕುಂದ್ರಬೇಕಂತ,” ಎಂದು ಚಾಚಾ ನಕ್ಕರು. “ಬಿಎಸ್ಸಿ, ಇದು ನಿಮ್ಮ ಕಾಲೇಜಿನ ಪುಸ್ತಕದಾಗ ಐತೇನ್ರಿ?”

ಬೋಲ್ಟುಗಳು ತುಕ್ಕು ಹಿಡಿದು ಎಂಜಿನ್ ಬಿಚ್ಚಲಾಗಲಿಲ್ಲ. ಚಾಚಾ ಚಕ್ರ, ಬ್ಲೇಡುಗಳನ್ನಷ್ಟೇ ತೆಗೆದು, ಸೀಟು, ಎಂಜಿನ್ ಸಮೇತ ಅಡಿಯ ಚೌಕಟ್ಟನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿದರು. ಚಾಲೂ ಮಾಡಿದರೆ ಅದು ನಡುಗುತ್ತ ನಡುಗುತ್ತ ಜಾಗ ಬಿಟ್ಟು ಮುಂದೆ ಸರಿಯುತ್ತಿತ್ತು. ಯಾರಾದರೂ ಸೀಟಿನ ಮೇಲೆ ಕುಳಿತರೆ ಮಾತ್ರ ನಿಲ್ಲುತ್ತಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲಿಡುವುದು ಎಂಬುದನ್ನು ತೀರ್ಮಾನಿಸಿದವನು ನಾನು. ಇದರಲ್ಲೂ ಅನುಮಾನವಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಹನ್ನೆರಡು ವೋಲ್ಟನ್ನು ಉದ್ದ ತಂತಿಯಲ್ಲಿ ಸಾಗಿಸಿದರೆ ದಾರಿಯಲ್ಲೇ ಸೋರಿಹೋಗಿ ಬಲ್ಬು ಮಂಕಾಗುತ್ತದೆ. ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಬಿಡಿಸಿ ಚಾಚಾನಿಗೆ ತೋರಿಸಿದೆ. ಹಿಂದಿನ ಪಡಸಾಲೆಯಲ್ಲಿ, ಪೆಟ್ಟಿಗೆಯಿದ್ದ ಕೋಣೆಯ ಗೋಡೆಗೆ ತಾಗಿಸಿ ಗಾಡಿ ಇಟ್ಟೆವು.

ಹದಿನೆಂಟನೆಯ ದಿನ ಬೆಳಿಗ್ಗೆ ಕರೆಂಟು ಹೋಯಿತು. ನಾನು ರಜೆ ಹಾಕಿ ಸೀಟಿನ ಮೇಲೆ ಕುಳಿತೆ. ಪೆಟ್ಟಿಗೆಯೊಳಗೆ ಲಾರಿಯ ಬಲ್ಬುಗಳು ಹಳದಿಯಾಗಿ ಉರಿದವು. ಥರ್ಮಾಮೀಟರು ನೂರಕ್ಕೆ ಬಂದು ನಿಂತಿತು. ಓದಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತು ಎಂದು ಒಳಗೊಳಗೇ ಬೀಗಿದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

“ತಲಿ ಸಿಡ್ಯಾಕತ್ತೈತಿ. ಕ್ವಾಣ್ಯಾಗೆಲ್ಲಾ ಹೊಗಿ ತುಂಬೈತಿ. ನಿಂದರ್ಸು.”

“ಶಾಖ ಬರೋಬ್ಬರಿ ನೂರು ಐತಲ್ಲ ಅಕ್ಕಾ. ನಿಂದರ್ಸಿದ್ರ ಇಳೀತೈತಿ.”

“ನಿನ್ನ ಪಾದರಸಕ್ಕ ಮೂಗಿಲ್ಲೋ. ಒಳಗಿನ ಮರಿಗೈತಿ!”

ಮೊಟ್ಟೆಯ ಚಿಪ್ಪಿನ ಮೂಲಕ ಗಾಳಿ ಆಡುತ್ತದೆಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಶಾಖದ ಲೆಕ್ಕ ಬಿಡಿಸಿದವನಿಗೆ ಉಸಿರಿನದು ಹೊಳೆದಿರಲಿಲ್ಲ. ಎಂಜಿನ್ ನಿಲ್ಲಿಸಿದೆ. ಬಲ್ಬುಗಳು ಆರಿದವು. ಅಕ್ಕ ಕಿಟಕಿ ತೆರೆದು, ಪೆಟ್ಟಿಗೆಯ ಸುತ್ತ ಕೌದಿ ಹೊದಿಸಿದಳು. ತೊಂಬತ್ತೆಂಟು, ತೊಂಬತ್ತಾರು. ಗಾಡಿ ಹತ್ತಿರ ಇಟ್ಟರೆ ಹೊಗೆ, ದೂರ ಇಟ್ಟರೆ ಶಾಖವಿಲ್ಲ.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ: ನಾನು ಥಟ್ಟನೆ ಎದ್ದು, ತಂತಿ ಎಳೆಯುವುದು ಬೇಡ, ಬ್ಯಾಟರಿಯನ್ನೇ ಹೊತ್ತು ತರೋಣ ಎಂದೆ. ಗಾಡಿ ಚಾಚಾನ ಶೆಡ್ಡಿನಲ್ಲಿ ಓಡಲಿ, ಅಲ್ಲಿ ಒಂದು ಬ್ಯಾಟರಿ ತುಂಬಲಿ, ಇಲ್ಲಿ ಇನ್ನೊಂದು ಉರಿಯಲಿ. ಎಷ್ಟೋ ವರ್ಷಗಳ ಮೇಲೆ ಇದನ್ನು ಅಕ್ಕನ ಮುಂದೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. “ನೀ ಎಲ್ಲಿ ಹೇಳ್ದಿ? ಥರ್ಮಾಮೀಟರ್ ಹಿಡ್ಕೊಂಡು ಅಳಾಕತ್ತಿದ್ದಿ. ಚಾಚಾ ಬಂದು, ‘ನೀರು ನಲ್ಲ್ಯಾಗ ಬರಲಿಲ್ಲಾಂದ್ರ ಕೊಡದಾಗ ತರೂದಿಲ್ಲೇನವ್ವಾ’ ಅಂದ.” ಚಾಚಾ ಆಗಲೇ ತೀರಿಕೊಂಡಿದ್ದರು. ಕೇಳಲು ಯಾರೂ ಉಳಿದಿರಲಿಲ್ಲ. ಆ ಮಾತು ಚಾಚಾನ ಬಾಯಿಗೆ ಒಪ್ಪುತ್ತದೆ, ನನ್ನ ಬಾಯಿಗೆ ಒಪ್ಪುವುದಿಲ್ಲ ಎಂಬುದಂತೂ ನಿಜ.

ಮೂರು ದಿನ ಕರೆಂಟು ಬರಲಿಲ್ಲ. ಲಾರಿಯ ಎರಡು ಬ್ಯಾಟರಿಗಳನ್ನು ಒಂದಾದ ಮೇಲೊಂದರಂತೆ ಬಿದಿರಿನ ಗಳಕ್ಕೆ ತೂಗುಹಾಕಿ ನಾನು, ಚಾಚಾ ಹೆಗಲು ಕೊಟ್ಟು ರಸ್ತೆ ದಾಟಿಸಿದೆವು. ನನ್ನ ಅಂಗಿಯ ಮೇಲೆ ಆಸಿಡ್ ಬಿದ್ದು ತೂತುಗಳಾದವು. ಮೊಟ್ಟೆಗಳಿಂದ ಮಾತ್ರ ಸದ್ದೇ ಇರಲಿಲ್ಲ. ಅಕ್ಕ ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆ.

ಇಪ್ಪತ್ತೊಂದನೆಯ ದಿನ ಭಾವ ಹಳಿಯಾಳದಲ್ಲಿ ಬಸ್ಸು ಬದಲಿಸಿ, ನೆಂದ ಕೊಡೆ ಹಿಡಿದು ಬಂದರು. ಚಹಾ ಕುಡಿದರು, ಊಟ ಮಾಡಿದರು. ಮರಿಯಿಲ್ಲ. ಸಂಜೆ ಐದಕ್ಕೆ, “ಟ್ರಂಕ್ ತುಂಬೇತೇನಂತ ಕೇಳೋ,” ಎಂದರು. ಬಾಗಿಲ ಹಿಂದೆ ಅಕ್ಕ ಇನ್ನೂ ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತಿದ್ದಳು. ಭಾವ ಎದ್ದು ಒಳಕೋಣೆಗೆ ನಡೆದರು. “ಸತ್ತಾವೋ ಬದುಕ್ಯಾವೋ ನೋಡೇ ಬಿಡೂಣು,” ಎಂದು ಮುಚ್ಚಳಕ್ಕೆ ಕೈ ಹಾಕಿದರು.

“ತೆಗೀಬ್ಯಾಡ್ರಿ ಭಾವಾರ!”

ಅಕ್ಕ ಅವರ ಎದುರಿಗೇ ನಿಂತಿದ್ದಳು, ತಲೆಯ ಮೇಲಿನ ಸೆರಗು ಜಾರಿತ್ತು. “ಕಡೀ ದಿನದಾಗ ತೆಗದ್ರ ಒಳಗಿನ ತೇವ ಹೋಗತೈತ್ರಿ. ಮರಿ ಚಿಪ್ಪಿಗೆ ಅಂಟ್ಕೊಂಡು ಸಾಯ್ತಾವ. ನಾ ಬರ್ಬೇಕಂದ್ರ ನಾಳೆ ಬರ್ತೇನಿ, ನಾಡದು ಬರ್ತೇನಿ. ಈಗ ಕೈ ತೆಗೀರಿ.”

ಹತ್ತು ವರ್ಷ ಒಂದೇ ಕುಟುಂಬದವರಾಗಿದ್ದರೂ ಅವಳು ಅವರೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಭಾವ ಕೈ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, “ಹಾಸಿಗಿ ಎಲ್ಲಿ ಹಾಕ್ತಿ?” ಎಂದರು.

ಮರುದಿನ ಮಧ್ಯಾಹ್ನ ನಾವು ಊಟಕ್ಕೆ ಕುಳಿತಾಗ ಅವರೇ ತುತ್ತು ತಡೆದು, “ಏನೋ ಟಿಕ್ ಅಂದಂಗಾತು?” ಎಂದು ಕೇಳಿದರು. ನನಗೇನೂ ಕೇಳಿಸಿರಲಿಲ್ಲ. ಇನ್ನೊಮ್ಮೆ ಆಯಿತು. ಕತ್ತಲಾಗುವುದರೊಳಗೆ ಪೆಟ್ಟಿಗೆಯಿಂದ ಚಿಲಿಪಿಲಿ ಕೇಳತೊಡಗಿತ್ತು. ಎಂಬತ್ತು ಮೊಟ್ಟೆಗಳಲ್ಲಿ ಅರವತ್ತು ಮರಿಗಳಾದವು ಎಂದು ನನ್ನ ನೆನಪು. ಅರ್ಧಕ್ಕಿಂತ ನಾಲ್ಕೋ ಐದೋ ಹೆಚ್ಚು, ಅಷ್ಟೇ ಎಂದು ಅಕ್ಕ ಹೇಳುತ್ತಿದ್ದಳು. ಮೇವು ಹಾಕಿ ಬೆಳೆಸಿದವಳು ಅವಳು, ಅವಳದೇ ಸರಿಯಿರಬೇಕು.

ಭಾವ ಬೆಳಗಿನ ಬಸ್ಸಿಗೆ ಹೊರಟರು. ಚಪ್ಪಲಿ ಮೆಟ್ಟಿಕೊಂಡ ಮೇಲೆ, ನನ್ನನ್ನು ದಾಟಿ ಒಳಗೆ ನೋಡಿ, “ದೀಪಾವಳಿಗೆ ಬಾರವ್ವಾ. ಎರಡ್ ದಿನಾ ಇದ್ದು ಬರೂವಂತಿ,” ಎಂದರು.

“ಬರ್ತೇನ್ರೀ,” ಎಂದಳು ಅಕ್ಕ.

ಅವರು ಹೋದ ಮೇಲೆ ನಾನು ಒಡೆಯದೆ ಉಳಿದ ಮೊಟ್ಟೆಗಳ ಬುಟ್ಟಿ ಎತ್ತಿಕೊಂಡೆ. ಅವು ಯಾವ ದಿನ ಸತ್ತವು, ಹೊಗೆ ತುಂಬಿದ ಆ ಮಧ್ಯಾಹ್ನವೋ ಅಲ್ಲವೋ, ತಿಳಿಯಬೇಕಿತ್ತು. ಒಡೆದು ನೋಡುತ್ತೇನೆ ಎಂದೆ. ಅಕ್ಕ ಬುಟ್ಟಿ ಕಸಿದುಕೊಂಡಳು.

“ಹೊಗಿಗೆ ಸತ್ತೆ, ಥಂಡಿಗೆ ಸತ್ತೆ ಅಂತ ಒಳಗ ಬರದಿಟ್ಟಿರ್ತಾವೇನು? ಬದುಕಿದ್ದವು ಬಾಯಿ ಬಿಡಾಕತ್ತಾವ. ನೀರು ತಾ.”

ನೀರು ತಂದುಕೊಟ್ಟೆ. ಅವಳು ಹಿತ್ತಿಲಲ್ಲಿ ಗುಂಡಿ ತೋಡಿ ಅವನ್ನು ಹೂತು, ಕೈ ತೊಳೆದು, ಮುಂದಿನ ಸಲಕ್ಕೆ ಮೊಟ್ಟೆ ತರಲು ಜೋಯಿಡಾ ಕಡೆಯವರಿಗೆ ಹೇಳಿ ಕಳಿಸಿದಳು.