ಬಿಸಿನೀರಿಗೆ ಜಗ್ಗದ ವೈರಸ್

ಪಶುರೋಗ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ಅರ್ಧಗಂಟೆ ಅಕ್ಕ’ ಎನ್ನುತ್ತಿದ್ದರು. ಕರುಗಳ ಮೂಗಿನಿಂದ ತೆಗೆದ ವೈರಸ್ಸನ್ನು ಐವತ್ತಾರು ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು, ಸತ್ತಿತೋ ಇಲ್ಲವೋ ನೋಡುವುದು ಅವಳ ಕೆಲಸ. ಬಾಟಲಿಯ ತಳದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದನ್ನು ಹಾಕಬೇಕು. ವೈರಸ್ ಬದುಕಿದ್ದರೆ ಮೂರು ದಿನದಲ್ಲಿ ಕೋಶಗಳು ಉಂಡುಂಡೆಯಾಗಿ ಎದ್ದು ತೇಲುತ್ತವೆ. ಸತ್ತಿದ್ದರೆ ಹಾಸುಗಲ್ಲಿನಂತೆ ಅಂಟಿಕೊಂಡೇ ಇರುತ್ತವೆ.

ಎಂಟು ವರ್ಷದಿಂದ ಅವಳ ಬಾಟಲಿಗಳಲ್ಲಿ ಕೋಶಗಳು ತೇಲುತ್ತಲೇ ಇದ್ದವು. ಕೊಬ್ಬಿನ ಹೊದಿಕೆ ಕರಗಿಸುವ ಕ್ಲೋರೋಫಾರ್ಮಿಗೆ ಈ ವೈರಸ್ ಜಗ್ಗದಿದ್ದುದು ಯಾರಿಗೂ ಆಶ್ಚರ್ಯವಲ್ಲ, ಅದರ ಜಾತಿಗೆ ಆ ಹೊದಿಕೆಯೇ ಇಲ್ಲ. ಬಿಸಿಗೂ ಜಗ್ಗದಿದ್ದುದು ಸುದ್ದಿಯಾಯಿತು. ಸಾಹೇಬರು ಲೇಖನ ಬರೆದು ಬಡ್ತಿ ಪಡೆದರು. ಪಕ್ಕದೂರಿನ ಪ್ರಯೋಗಾಲಯದವರು, ನಮ್ಮಲ್ಲಿ ಇದೇ ವೈರಸ್ ಹತ್ತೇ ನಿಮಿಷಕ್ಕೆ ಸಾಯುತ್ತಿದೆ ಎಂದು ಕಾಗದ ಬರೆದರೆ, ಮೊದಲು ನಿಮ್ಮ ನೀರಿನ ತೊಟ್ಟಿ ಸರಿಮಾಡಿಸಿಕೊಳ್ಳಿ ಎಂದು ಸಾಹೇಬರು ಖಾರವಾಗಿ ಉತ್ತರಿಸಿದರು.

ಒಂದು ಬೆಳಿಗ್ಗೆ ಮುಚ್ಚಳ ಹಾಕಿದ ನಳಿಕೆಯೊಂದು ಅವಳ ಕೈಜಾರಿ ತೊಟ್ಟಿಗೆ ಬಿತ್ತು. ಯೋಚಿಸದೆ ಕೈಹಾಕಿದಳು. ನೀರು ಸುಡಲಿಲ್ಲ. ಮಗುವಿಗೆ ಮೀಯಿಸುವಷ್ಟು ಉಗುರುಬೆಚ್ಚಗಿತ್ತು. ಥರ್ಮಾಮೀಟರ್ ಮಾತ್ರ ಐವತ್ತಾರು ತೋರಿಸುತ್ತಿತ್ತು. ಹೊರಗೆ ತೆಗೆದಳು, ಐವತ್ತಾರು. ಐಸಿನ ಡಬ್ಬಿಯಲ್ಲಿ ಇಟ್ಟಳು, ಆಗಲೂ ಐವತ್ತಾರು.

ಅದನ್ನು ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದಳು.

“ಸರ್, ಇದು ಕೆಟ್ಟಿದೆ. ನೀರು ಬಿಸಿಯೇ ಆಗ್ತಿಲ್ಲ.”

“ಹೇಗೆ ಗೊತ್ತಾಯ್ತು?”

“ಕೈಹಾಕಿ ನೋಡಿದೆ.”

“ಕೈ ಯಾಕೆ ಹಾಕಿದ್ರಿ? ಕೈಹಾಕ್ಬೇಕು ಅಂತ ವಿಧಾನದಲ್ಲಿ ಎಲ್ಲಿದೆ?”

ಅವಳು ಥರ್ಮಾಮೀಟರನ್ನು ಅವರ ಮುಂದಿದ್ದ ಆರಿದ ನೀರಿನ ಲೋಟದಲ್ಲಿ ಇಳಿಬಿಟ್ಟಳು. ಸಾಹೇಬರು ಕನ್ನಡಕ ಸರಿಸಿ ಓದಿದರು. “ಹೊಸದು ತರಿಸಿ” ಎಂದರು.

ಹೊಸದು ಬಂತು, ತೊಟ್ಟಿಯ ನೀರು ಕಾಯಿಸುವ ಸುರುಳಿ ಬದಲಾಯಿತು. ವೈರಸ್ ಹತ್ತು ನಿಮಿಷಕ್ಕೆ ಸತ್ತಿತು. ಬಾಟಲಿಯ ತಳದಲ್ಲಿ ಕೋಶಗಳು ಅಲುಗಾಡದೆ ಅಂಟಿಕೊಂಡಿದ್ದನ್ನು ನೋಡಿ ಸಾಹೇಬರು ಮನೆಯವರನ್ನು ಕಳಕೊಂಡವರಂತೆ ಕುರ್ಚಿಯಲ್ಲಿ ಕುಸಿದರು.

“ಎಂಟು ವರ್ಷ ಎಷ್ಟು ಗಟ್ಟಿಯಾಗಿತ್ತು ಪಾಪ” ಎಂದರು.

ಮನೆಯಲ್ಲಿ ಅವಳ ಗಂಡ, ದರ್ಜಿ, ಹೊಲಿಗೆ ನಿಲ್ಲಿಸಿ ಸಮಾಧಾನ ಹೇಳಿದ: “ತಪ್ಪು ಆ ಗಾಜಿನ ಕಡ್ಡೀದು ಕಣೇ. ನಿಂದೇನಿದೆ?”

“ದಿನಾ ಐವತ್ತಾರು ಅಂತ ಬರೆದ ಕೈ ನಂದಲ್ವಾ?” ಎಂದು ಅವಳು ಅಲ್ಲೇ ಕೂತು ಪಕ್ಕದೂರಿನವರಿಗೆ ಕಾಗದ ಬರೆದಳು. ತಪ್ಪು ನಮ್ಮದು, ನಿಮ್ಮ ಲೆಕ್ಕವೇ ಸರಿ, ಕ್ಷಮಿಸಿ.

ವಾರದಲ್ಲಿ ಉತ್ತರ ಬಂತು. ‘ಕ್ಷಮೆ ಯಾಕೆ? ನಿಮ್ಮ ಸಾಹೇಬರ ಮಾತಿನಂತೆ ತೊಟ್ಟಿ ಸರಿಮಾಡಿಸಿಕೊಂಡೆವು. ಈಗ ನಮ್ಮಲ್ಲೂ ಸಾಯುತ್ತಿಲ್ಲ. ಲೇಖನ ಅಚ್ಚಿಗೆ ಹೋಗಿದೆ. ತುಂಬಾ ಉಪಕಾರವಾಯಿತು.’

ಅವಳು ಎರಡು ಸಲ ಓದಿದಳು. ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು. ಅಲ್ಲಿನ ಮುಖ್ಯಸ್ಥರು ಎದ್ದು ನಿಂತು ಬರಮಾಡಿಕೊಂಡು, ಥರ್ಮಾಮೀಟರ್ ಐವತ್ತಾರು ತೋರಿಸುತ್ತಿದ್ದ, ಮಿರಿಮಿರಿ ಮಿಂಚುವ ತೊಟ್ಟಿಯ ಬಳಿಗೆ ತಾವೇ ಕರೆದೊಯ್ದರು. ಅವಳು ತೋಳು ಮೇಲೇರಿಸಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಮೊಣಕೈವರೆಗೆ ಕೈ ಮುಳುಗಿಸಿ ನಿಂತಳು.

“ಸುಡಲ್ವೇನಮ್ಮಾ?” ಮುಖ್ಯಸ್ಥರು ಗಾಬರಿಯಿಂದ ಕೇಳಿದರು.

“ನೀವೂ ಹಾಕಿ ಸರ್” ಎಂದಳು.

ಅವರು ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು, ನಿಧಾನವಾಗಿ ಒಂದು ಬೆರಳು ಇಳಿಸಿದರು.